ಮಗು, ಹಡಗು, ಹುರಿಹಿಟ್ಟು

ಬೇಸಿಗೆ ರಜೆ ಹತ್ತಿರ ಬಂತು ಅಂದರೆ ಈ ಪುಟಕ್ಕೆ ಬರುವ ಪ್ರಶ್ನೆಗಳೇ ಬೇರೆ. ಮೊದಲೆಲ್ಲ ಮಗುವನ್ನು ಊಟಿಗೆ ಕರ್ಕೊಂಡು ಹೋಗಬಹುದಾ, ತಿರುಪತಿ ಕ್ಯೂನಲ್ಲಿ ನಿಲ್ಲಿಸಬಹುದಾ ಅಂತ ಕೇಳುತ್ತಿದ್ದಿರಿ. ಈ ಸಲ ಐದು ಪತ್ರ ಕ್ರೂಸ್, ಅಂದರೆ ಹಡಗಿನ ಪ್ರವಾಸದ ಬಗ್ಗೆಯೇ ಬಂದಿವೆ. ಹಾಗಾಗಿ ಪುಟ ಪೂರ್ತಿ ಹಡಗಿಗೇ ಬಿಟ್ಟಿದ್ದೇನೆ. ನನ್ನ ಮಗನಿಗೆ 20 ತಿಂಗಳಿದ್ದಾಗ ನಾವೂ ಸಿಂಗಪುರದಲ್ಲಿ ಒಂದು ಹಡಗು ಹತ್ತಿದ್ದೆವು. ಅಲ್ಲಿ ಮಾಡಿದ ತಪ್ಪುಗಳೇ ಈ ಉತ್ತರಗಳ ಅರ್ಧ ಬಂಡವಾಳ.

ಪ್ರಶ್ನೆ: ಅಕ್ಕ, ನಮಸ್ತೆ. ನಮ್ಮ ಮಾವನವರ ಷಷ್ಟಿಪೂರ್ತಿ ಮುಗೀತು. ಆ ಖುಷಿಗೆ ಮೈದುನ ಸಿಂಗಪುರದಿಂದ 4 ರಾತ್ರಿಯ ಕ್ರೂಸ್ ಬುಕ್ ಮಾಡಿದ್ದಾನೆ. ಅತ್ತೆ, ಮಾವ, ಮೈದುನ, ವಾರಗಿತ್ತಿ, ನಾದಿನಿ, ನಾವಿಬ್ಬರು, ನಮ್ಮ ಮಗ, ಒಟ್ಟು 8 ಜನ. ಮಗನಿಗೆ 1 ವರ್ಷ 10 ತಿಂಗಳು. ಒಂದು ಕಡೆ ಕೂರುವ ಜಾತಿಯೇ ಅಲ್ಲ. ಊಟಕ್ಕೆ ಹಠ. ಮಧ್ಯಾಹ್ನ ಮಲಗದಿದ್ದರೆ ಸಂಜೆ ಮನೆ ಕಿತ್ತು ಹಾಕ್ತಾನೆ. ಎಲ್ಲರೂ "ಇಷ್ಟು ಜನ ಇದ್ದೀವಲ್ಲ, ನೋಡ್ಕೋತೀವಿ ಬಾ" ಅಂತಾರೆ. ನನಗೆ ಮಾತ್ರ ರಾತ್ರಿ ನಿದ್ದೆ ಬರ್ತಿಲ್ಲ. ಹೋಗೋದಾ, ಬೇಡ್ವಾ?
– ಹೆಸರು ಬೇಡ, ದಾವಣಗೆರೆ

ಹೋಗಿ. ಆದರೆ ನಿಮಗೆ ಯಾವುದು ಧೈರ್ಯ ಹೇಳಬೇಕಿತ್ತೋ ಅದೇ ಮಾತು ನನಗೆ ಭಯ ಹುಟ್ಟಿಸುತ್ತದೆ. "ಇಷ್ಟು ಜನ ಇದ್ದೀವಲ್ಲ" ಅನ್ನುವುದು.

ನಮ್ಮ ಕಥೆ ಕೇಳಿ. ಎರಡನೇ ದಿನ ಬೆಳಿಗ್ಗೆ ಬುಫೆಯಲ್ಲಿ ನಾವು ಆರು ಜನ ದೊಡ್ಡವರು ಒಂದು ಮೇಜಿನಲ್ಲಿ ಇದ್ದೆವು. ನಾನು ಕಾಫಿ ತರಲು ಎದ್ದೆ, ಯಜಮಾನರು ಅವರಪ್ಪನಿಗೆ ದೋಸೆ ಹಾಕಿಸಲು ಎದ್ದರು, ಮಗ ಅತ್ತಿಗೆಯ ಹತ್ತಿರ ಇದ್ದಾನೆ ಅಂತ ನನ್ನಮ್ಮ ಅಂದುಕೊಂಡರು, ಅತ್ತಿಗೆ ಅವನು ನನ್ನ ಹಿಂದೆಯೇ ಹೋದ ಅಂದುಕೊಂಡರು. ಅವನು ನೆಟ್ಟಗೆ ಲಿಫ್ಟ್ ಹತ್ತಿದ್ದ. ಲಿಫ್ಟಿನ ಗುಂಡಿ ಅಂದರೆ ಅವನಿಗೆ ಆ ವಯಸ್ಸಿನಲ್ಲಿ ಪ್ರಾಣ. ಎರಡು ಡೆಕ್ (ಹಡಗಿನ ಮಹಡಿ) ಮೇಲಿಂದ ಯಾರೋ ವಯಸ್ಸಾದ ಚೀನೀ ದಂಪತಿ ಅವನ ಕೈ ಹಿಡಿದು ವಾಪಸ್ ಕರೆತಂದರು. ಎಲ್ಲ ಸೇರಿ ನಾಲ್ಕೈದು ನಿಮಿಷ ಇರಬಹುದು. ನನ್ನ ಕೈಯ ನಡುಕ ನಿಲ್ಲಲು ಮಧ್ಯಾಹ್ನ ಆಯಿತು.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆವು. ಹಡಗಿನಲ್ಲಿ ಪ್ರತಿಯೊಬ್ಬರಿಗೂ, ಮಗುವಿಗೂ, ಒಂದು ಕಾರ್ಡ್ ಕೊಡುತ್ತಾರೆ. ಮಗುವಿನ ಕಾರ್ಡಿಗೆ ದಾರ ಹಾಕಿ ದೊಡ್ಡವರಲ್ಲಿ ಒಬ್ಬರ ಕೊರಳಿಗೆ ಹಾಕುವುದು. ಕಾರ್ಡ್ ಯಾರ ಕೊರಳಲ್ಲಿದೆಯೋ ಮಗು ಅವರದ್ದು, ಪೂರ್ತಿ ಅವರದ್ದೇ. ಅವರು ಫೋನ್ ನೋಡುವ ಹಾಗಿಲ್ಲ. ಬೇರೆಯವರಿಗೆ ಒಪ್ಪಿಸಬೇಕಾದರೆ ಕಾರ್ಡ್ ತೆಗೆದು ಅವರ ಕೊರಳಿಗೆ ಹಾಕಿ "ತಗೊಳ್ಳಿ, ಈಗ ನಿಮ್ದು" ಅಂತ ಬಾಯಿಬಿಟ್ಟು ಹೇಳಬೇಕು. ಮೊದಲ ದಿನ ಮಾವನವರು ನಕ್ಕರು. ಮೂರನೇ ದಿನ ಅವರೇ ಕಾರ್ಡ್ ಕೇಳಿ ಪಡೆದುಕೊಳ್ಳುತ್ತಿದ್ದರು.

ಇನ್ನೊಂದು ವಿಷಯ. ಇದನ್ನು ನಿಮ್ಮ ಮಾವನವರಿಗೆ ಓದಿ ಹೇಳಿ, ನೇರವಾಗಿ ಹೇಳಲು ಕಷ್ಟವಾದರೆ ಈ ಪುಟ ಮೇಜಿನ ಮೇಲಿಡಿ. 2019ರ ಜುಲೈನಲ್ಲಿ ಪೋರ್ಟೋ ರಿಕೋದ ಸಾನ್ ಹುವಾನ್ ಬಂದರಿನಲ್ಲಿ ನಿಂತಿದ್ದ ಹಡಗೊಂದರಿಂದ ಒಂದೂವರೆ ವರ್ಷದ ಮಗು ಬಿದ್ದು ಸತ್ತಿತು. 11ನೇ ಡೆಕ್ಕಿನ ಕಿಟಕಿ. ಅಜ್ಜ ಮೊಮ್ಮಗಳನ್ನು ಎತ್ತಿ ಕಂಬಿಯ ಮೇಲೆ ನಿಲ್ಲಿಸಿಕೊಂಡಿದ್ದರು, ಕಿಟಕಿಗೆ ಗಾಜಿದೆ ಅಂದುಕೊಂಡಿದ್ದೆ ಅಂದರು. ಆ ಕಿಟಕಿ ತೆರೆದಿತ್ತು. ಪ್ರೀತಿ ಕಮ್ಮಿಯಾಗಿ ಆದದ್ದಲ್ಲ ಅದು. "ನೋಡು ಪುಟ್ಟಾ, ಸಮುದ್ರ" ಅಂತ ಮಗುವನ್ನು ಎತ್ತಿ ತೋರಿಸುವುದು ನಮ್ಮ ಕೈಗೆ ಅಭ್ಯಾಸವಾಗಿ ಹೋಗಿದೆ, ಬಸ್ಸಿನ ಕಿಟಕಿಯಲ್ಲಿ, ತಾರಸಿಯ ಮೇಲೆ, ಎಲ್ಲ ಕಡೆ. ಹಡಗಿನಲ್ಲಿ ಮಾತ್ರ ಕಂಬಿಯ ಹತ್ತಿರ ಎತ್ತುವುದು ಬೇಡವೇ ಬೇಡ. ಡೆಕ್ಕಿನ ಕಂಬಿಗಳು ದೊಡ್ಡವರ ಎದೆಯ ಹತ್ತಿರಕ್ಕೆ ಬರುತ್ತವೆ, ಎಷ್ಟೋ ಕಡೆ ಕೆಳಗೆ ಗಾಜಿನ ಹಲಗೆ ಇರುತ್ತದೆ. ಮಗು ನೆಲದ ಮೇಲೆ ನಿಂತೇ ಸಮುದ್ರ ನೋಡಲಿ.

ಅದಕ್ಕೇ ಕೋಣೆಯ ವಿಷಯದಲ್ಲಿ ನನ್ನ ಸಲಹೆ ಸ್ವಲ್ಪ ಉಲ್ಟಾ. ಬಾಲ್ಕನಿ ಇರುವ ಕೋಣೆ ಅತ್ತೆ–ಮಾವನಿಗೆ ಕೊಡಿ. ಸಂಭ್ರಮ ಅವರದ್ದು ತಾನೆ? ನೀವು ಕಿಟಕಿಯೂ ಇಲ್ಲದ ಒಳಗಿನ ಕೋಣೆ ತಗೊಳ್ಳಿ. ದುಡ್ಡು ಕಮ್ಮಿ ಅನ್ನುವುದು ಒಂದು. ಲೈಟ್ ಆರಿಸಿದರೆ ಹಗಲಲ್ಲೂ ಗವ್ವೆನ್ನುವ ಕತ್ತಲು, ಮಗು ಮಧ್ಯಾಹ್ನ ಎರಡು ಗಂಟೆ ಅಲುಗಾಡದೆ ಮಲಗುತ್ತದೆ. ಮಗುವಿಗೆ ತೊಟ್ಟಿಲಿನಂಥ ಕಟಕಟೆ ಮಂಚ ಹೆಚ್ಚಿನ ಹಡಗುಗಳಲ್ಲಿ ಪುಕ್ಕಟೆ ಕೊಡುತ್ತಾರೆ. ಬುಕ್ ಮಾಡುವಾಗಲೇ ಬರೆಸಬೇಕು, ಎಣಿಸಿದಷ್ಟೇ ಇರುತ್ತವೆ. ಅದನ್ನು ಬಿಡಿಸಿಟ್ಟ ಮೇಲೆ ಕೋಣೆಯಲ್ಲಿ ನಿಮಗೆ ಓಡಾಡಲು ಜಾಗ ಉಳಿಯುವುದಿಲ್ಲ, ಅದು ಬೇರೆ ಮಾತು. ಮಗು ಮಲಗಿದಾಗ ಒಬ್ಬರು ಕೋಣೆಯಲ್ಲಿ, ಇನ್ನೊಬ್ಬರು ಅತ್ತೆಯ ಬಾಲ್ಕನಿಯಲ್ಲಿ. ಸರದಿ ಹಾಕಿಕೊಳ್ಳಿ.

ನಿದ್ದೆಯ ಮಾತು ಬಂತಲ್ಲ. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ದಾವಣಗೆರೆಯಲ್ಲಿ ರಾತ್ರಿ 8ಕ್ಕೆ ಮಲಗುವ ಮಗುವಿಗೆ ಅಲ್ಲಿ ನಿದ್ದೆ ಬರುವುದು ಹತ್ತೂವರೆಗೆ. ನಾವು ದಡ್ಡರ ಹಾಗೆ ಮೊದಲೆರಡು ರಾತ್ರಿ ಅಲ್ಲಿನ 8ಕ್ಕೇ ಮಲಗಿಸಲು ಗುದ್ದಾಡಿದೆವು. ಆಮೇಲೆ ಹೊಳೆಯಿತು: ನಾಲ್ಕು ದಿನಕ್ಕೆ ಮಗುವಿನ ಗಡಿಯಾರ ಯಾಕೆ ತಿರುಗಿಸಬೇಕು? ಅವನು ನಮ್ಮೂರ ಟೈಮಿನಲ್ಲೇ ಇರಲಿ. ಮಧ್ಯಾಹ್ನದ ನಿದ್ದೆ ಅಲ್ಲಿನ ಮೂರೂವರೆಗೆ. ರಾತ್ರಿ ಊಟಕ್ಕೆ ಎಲ್ಲರ ಜೊತೆ ಕೂರುತ್ತಾನೆ, ಆಮೇಲೆ ಹಾಡು–ಕುಣಿತ ಸ್ವಲ್ಪ ನೋಡುತ್ತಾನೆ, ಬೆಳಿಗ್ಗೆ ಲೇಟಾಗಿ ಏಳುತ್ತಾನೆ. ಬೆಳಗಿನ ಬುಫೆ ಎಷ್ಟಕ್ಕೆ ಮುಚ್ಚುತ್ತದೆ ಅಂತ ನೋಡಿಕೊಂಡು ಅವನಿಗೊಂದು ಬಾಳೆಹಣ್ಣು, ಬ್ರೆಡ್ ಮೊದಲೇ ಕೇಳಿ ಇಟ್ಟುಕೊಂಡರೆ ಆಯಿತು.

ಇನ್ನು ಊಟ. ಮನೆಯಲ್ಲಿ ಮಾಡಿದ ಅಡುಗೆ ಹಡಗಿಗೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಸೀಲ್ ಇರುವ ಮಗುವಿನ ಆಹಾರಕ್ಕೆ ಅಡ್ಡಿಯಿಲ್ಲ. ರೈಸ್ ಕುಕ್ಕರ್, ನೀರು ಕಾಯಿಸುವ ಕೆಟಲ್, ಹೀಟರ್ ಕಾಯಿಲ್, ಇಸ್ತ್ರಿ ಪೆಟ್ಟಿಗೆ ಯಾವುದೂ ನಡೆಯಲ್ಲ, ಸ್ಕ್ಯಾನಿಂಗ್‌ನಲ್ಲಿ ಎತ್ತಿಟ್ಟುಕೊಳ್ಳುತ್ತಾರೆ. ಬೆಂಕಿಯ ಭಯ ಅವರಿಗೆ. ಹಾಗಾಗಿ ರಾಗಿ ಸರಿ ಪುಡಿ ತಗೊಂಡು ಹೋಗಿ ಪ್ರಯೋಜನವಿಲ್ಲ, ಅದನ್ನು ಬೇಯಿಸಬೇಕಲ್ಲ. ರಾಗಿ ಹುರಿಹಿಟ್ಟು ತಗೊಳ್ಳಿ. ರಾಗಿ ಅರಳು ಮಾಡಿಯೇ ಬೀಸಿರುವುದರಿಂದ ಬಿಸಿ ಹಾಲಿಗೆ ಎರಡು ಚಮಚ ಹಾಕಿ, ಸ್ವಲ್ಪ ಬೆಲ್ಲದ ಪುಡಿ ಉದುರಿಸಿ, ಗಂಟಿಲ್ಲದಂತೆ ಕಲಸಿದರೆ ಮುಗೀತು. ಅಂಗಡಿಯಲ್ಲಿ ಸಿಗುವ, ಹೆಸರು–ಚೀಟಿ ಇರುವ ಪ್ಯಾಕೆಟ್ಟೇ ಇರಲಿ. ಬಿಳಿ ಪುಡಿ, ಕಂದು ಪುಡಿ ಅಂತ ಗಂಟು ಕಟ್ಟಿಕೊಂಡು ಹೋದರೆ ಕಸ್ಟಮ್ಸ್‌ನವರಿಗೆ ಹುರಿಹಿಟ್ಟಿನ ಮಹಿಮೆ ವಿವರಿಸುತ್ತಾ ನಿಲ್ಲಬೇಕಾಗುತ್ತದೆ. ನನ್ನ ಮಗ ಆ ನಾಲ್ಕು ದಿನ ಬದುಕಿದ್ದು ಹುರಿಹಿಟ್ಟು, ಮೊಸರನ್ನ, ಬಾಳೆಹಣ್ಣು, ಆಮೇಲೆ ನಂಬಿ ಬಿಡಿ, ಐಸ್‌ಕ್ರೀಮ್ ಕೋನಿನ ಬರೀ ಕೋನ್.

ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ಭಾರತದವರು ಜಾಸ್ತಿ. ಅನ್ನ, ಬೇಳೆ, ಮೊಸರು ಸಿಗುತ್ತವೆ. ಖಾರ ಮಾತ್ರ ನೋಡಿಕೊಳ್ಳಿ. ಮೊದಲ ರಾತ್ರಿಯೇ ಊಟದ ಹಾಲಿನಲ್ಲಿ ಮೇಲ್ವಿಚಾರಕರನ್ನು ಹುಡುಕಿ "ಮಗುವಿಗೆ ಮೆತ್ತಗೆ ಬೇಯಿಸಿದ ಅನ್ನ, ಖಾರ ಹಾಕದ ಬೇಳೆ ಬೇಕು, ದಿನಾ ಇಷ್ಟು ಹೊತ್ತಿಗೆ" ಅಂತ ಹೇಳಿಬಿಡಿ. ಮರುದಿನದಿಂದ ನೀವು ಕೂರುವ ಮೊದಲೇ ಬಟ್ಟಲು ಬಂದಿರುತ್ತದೆ.

ಅತ್ತೆ ಬಿಸಿಬೇಳೆಬಾತ್ ಪುಡಿ ಕಟ್ಟಿಕೊಡಲು ಹೊರಟರೆ ತಡೆಯಿರಿ. ತಮಾಷೆ ಅಲ್ಲ. ಎಷ್ಟೋ ಮನೆಗಳ ಪುಡಿಯಲ್ಲಿ ಗಸಗಸೆ ಇರುತ್ತದೆ, ಸಿಂಗಪುರಕ್ಕೆ ಗಸಗಸೆ ಒಯ್ಯುವಂತಿಲ್ಲ. ಅಲ್ಲಿ ಅದು ಮಾದಕ ವಸ್ತುಗಳ ಇಲಾಖೆಯ ವಿಷಯ.

ಹಡಗು ಹತ್ತುವ ದಿನದ್ದು ಒಂದು ಪಾಠ, ನಾನು ಅತ್ತು ಕಲಿತದ್ದು. ದೊಡ್ಡ ಸೂಟ್‌ಕೇಸುಗಳನ್ನು ಟರ್ಮಿನಲ್ ಬಾಗಿಲಲ್ಲೇ ತಗೊಳ್ಳುತ್ತಾರೆ. ಅವು ನಿಮ್ಮ ಕೋಣೆಯ ಮುಂದೆ ಬಂದು ನಿಲ್ಲುವುದು ಸಂಜೆಗೆ, ಕೆಲವೊಮ್ಮೆ ರಾತ್ರಿಗೆ. ನಾನು ಹಾಲಿನ ಪುಡಿ, ಬಾಟಲಿ, ಡಯಾಪರ್ ಎಲ್ಲ ಅದರಲ್ಲೇ ತುಂಬಿದ್ದೆ. ಸಂಜೆ ಏಳರವರೆಗೆ ಅವನು ಅತ್ತ. ನಾನೂ ಒಂದು ಸುತ್ತು ಅತ್ತೆ. ಹಾಗಾಗಿ ಒಂದು ಪೂರ್ತಿ ದಿನಕ್ಕೆ ಬೇಕಾದ್ದೆಲ್ಲ ಹೆಗಲ ಚೀಲದಲ್ಲಿರಲಿ: ಆರು ಡಯಾಪರ್, ಎರಡು ಜೊತೆ ಬಟ್ಟೆ, ಹಾಲು, ಔಷಧಿ, ಹೊದ್ದು ಮಲಗುವ ಅವನ ಹಳೇ ಬಟ್ಟೆ. ಡಯಾಪರ್ ಹಡಗಿನ ಅಂಗಡಿಯಲ್ಲಿ ಸಿಗುತ್ತದೆ ಅಂತ ನಂಬಬೇಡಿ. ಸಿಕ್ಕರೂ ಅಳತೆ ಸಿಗಲ್ಲ, ಅಳತೆ ಸಿಕ್ಕರೆ ರೇಟು ಕೇಳಿ ನಿಮಗೇ ಅಳು ಬರುತ್ತದೆ.

ಸ್ನಾನಕ್ಕೆ ಬಕೆಟ್ ಇರುವುದಿಲ್ಲ. ಸಾಮಾನ್ಯ ಕೋಣೆಗಳಲ್ಲಿ ಟಬ್ಬೂ ಇಲ್ಲ, ಆಳೆತ್ತರದ ಗೂಡಿನಂಥ ಜಾಗದಲ್ಲಿ ಒಂದು ಶವರ್. ಚೊಂಬಿನಲ್ಲಿ ನೀರು ಹಾಕಿಸಿಕೊಂಡು ಬೆಳೆದ ಮಗು ತಲೆಮೇಲೆ ಶವರ್ ಬಿಟ್ಟರೆ ಹಡಗೇ ಮುಳುಗಿದ ಹಾಗೆ ಕಿರುಚುತ್ತದೆ. ಹೋಗುವ ಹದಿನೈದು ದಿನ ಮೊದಲೇ ಮನೆಯಲ್ಲಿ ಶವರ್ ಅಭ್ಯಾಸ ಮಾಡಿಸಿ. ಇಲ್ಲ ಅಂದರೆ ಮಡಚುವ ರಬ್ಬರ್ ಬಕೆಟ್, ಒಂದು ಪ್ಲಾಸ್ಟಿಕ್ ಚೊಂಬು ಸೂಟ್‌ಕೇಸಿನ ಮೂಲೆಯಲ್ಲಿ ಹಾಕಿಕೊಳ್ಳಿ. ಬಚ್ಚಲ ಬಾಗಿಲಲ್ಲಿ ಎತ್ತರದ ಹೊಸ್ತಿಲು ಇರುತ್ತದೆ, ಮಗು ಎಡವುವುದು ಅಲ್ಲೇ. ಅದೇ ಬಚ್ಚಲಲ್ಲಿ ಗೋಡೆಯ ಒಂದು ಗುಂಡಿ ಹಿಡಿದೆಳೆದರೆ ಉದ್ದಕ್ಕೆ ದಾರ ಬರುತ್ತದೆ, ಎದುರಿನ ಕೊಕ್ಕೆಗೆ ಸಿಕ್ಕಿಸಿ ಬಟ್ಟೆ ಒಣಹಾಕಬಹುದು. ನನಗೆ ಇದು ಗೊತ್ತಾದದ್ದು ಇಳಿಯುವ ದಿನ.

ಆಟಕ್ಕೆ ಜಾಸ್ತಿ ಸಾಮಾನು ಬೇಡ. ಕೋಣೆಯ ಗೋಡೆಗಳು ಹೆಚ್ಚಾಗಿ ಲೋಹದವು, ಅಯಸ್ಕಾಂತ ಅಂಟುತ್ತದೆ. ಫ್ರಿಜ್ಜಿಗೆ ಅಂಟಿಸುವ ದೊಡ್ಡ ದೊಡ್ಡ ಅಕ್ಷರ, ಪ್ರಾಣಿ ಚಿತ್ರ ತಗೊಂಡು ಹೋಗಿ. ಸಣ್ಣವು ಖಂಡಿತ ಬೇಡ, ನುಂಗಿದರೆ ಕರುಳಿಗೇ ಅಪಾಯ. ಕೆಲವು ಹಡಗುಗಳಲ್ಲಿ ಲಿಫ್ಟಿನ ಕಾರ್ಪೆಟ್ ಮೇಲೆ ಅವತ್ತಿನ ವಾರದ ಹೆಸರು ಬರೆದಿರುತ್ತದೆ, ರಾತ್ರೋರಾತ್ರಿ ಬದಲಿಸುತ್ತಾರೆ. ಮಗುವಿಗಿಂತ ನನಗೇ ಅದು ಖುಷಿ ಕೊಟ್ಟಿತು.

ಕೊನೆಯದಾಗಿ, ಬಂದರು ಬಂದ ದಿನ ಎಲ್ಲರೂ ಇಳಿದು ಊರು ಸುತ್ತಲು ಹೊರಡುತ್ತಾರೆ. ಪೆನಾಂಗ್ ಇರಲಿ, ಫುಕೆಟ್ ಇರಲಿ, ಬಸ್ಸು, ಬಿಸಿಲು, ಗೈಡ್, ಆರು ಗಂಟೆ. ಅವರು ಹೋಗಲಿ. ನೀವು ಮಗು ಜೊತೆ ಹಡಗಿನಲ್ಲೇ ಉಳಿಯಿರಿ. ಅವತ್ತು ಹಡಗು ಖಾಲಿ. ಬುಫೆಯಲ್ಲಿ ಕ್ಯೂ ಇಲ್ಲ, ಲಿಫ್ಟಿನಲ್ಲಿ ನೂಕುನುಗ್ಗಲಿಲ್ಲ. ಇಡೀ ಪ್ರವಾಸದಲ್ಲಿ ನಾನು ಕಾಲು ಚಾಚಿ ಬಿಸಿ ಕಾಫಿ ಕುಡಿದದ್ದು ಅದೊಂದೇ ದಿನ. ನಾದಿನಿಯೂ ಉಳಿದರೆ ಇನ್ನೂ ಒಳ್ಳೆಯದು, ಕಾರ್ಡ್ ಅವಳ ಕೊರಳಿಗೆ ಹಾಕಿ.

ಕಾಗದಪತ್ರದ ಒಂದು ಮಾತು. ಹಡಗು ಹತ್ತಿದರೆ ನೀವು ಸಿಂಗಪುರ ಬಿಟ್ಟ ಲೆಕ್ಕ, ಇಳಿಯುವಾಗ ಮತ್ತೆ ಒಳಗೆ ಬಂದ ಲೆಕ್ಕ. ಹಾಗಾಗಿ ಮಗುವಿನದ್ದೂ ಸೇರಿ ಎಲ್ಲರ ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಅವಕಾಶ ಇದೆಯಾ ನೋಡಿ. ಸಿಂಗಪುರದ ಆನ್‌ಲೈನ್ ಅರೈವಲ್ ಕಾರ್ಡನ್ನು ಅಲ್ಲಿಗೆ ಬರುವ ಮೊದಲಿನ 3 ದಿನದೊಳಗೆ ತುಂಬಬೇಕು, ಪುಕ್ಕಟೆ, ಮಗುವಿಗೂ ಬೇರೆ, ಹಡಗಿಂದ ವಾಪಸ್ ಬರುವಾಗ ಮತ್ತೊಮ್ಮೆ. ವಿಮಾನ ಹಿಂದಿನ ದಿನವೇ ಇರಲಿ. ಬೆಂಗಳೂರಿಂದ ಬರೀ ನಾಲ್ಕೂವರೆ ಗಂಟೆ ಅಂತ ಅದೇ ದಿನ ಹೊರಟು, ವಿಮಾನ ಲೇಟಾದರೆ ಹಡಗು ನಿಮಗಾಗಿ ಕಾಯಲ್ಲ.

ಪ್ರಶ್ನೆ: ವಿಮಾನದಲ್ಲಿ 2 ವರ್ಷದೊಳಗಿನ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡರೆ ಚಿಲ್ಲರೆ ದುಡ್ಡು. ಹಡಗಿನಲ್ಲಿ ನಮ್ಮ 11 ತಿಂಗಳ ಮಗಳಿಗೆ ಯಾಕೆ ಪೂರ್ತಿ ಒಬ್ಬರ ಲೆಕ್ಕ ಹಾಕ್ತಿದ್ದಾರೆ? ಏಜೆಂಟ್ ಮೋಸ ಮಾಡ್ತಿದ್ದಾನಾ?
– ಓದುಗ, ತುಮಕೂರು

ಮೋಸ ಇರಲಿಕ್ಕಿಲ್ಲ. ಹಡಗಿನಲ್ಲಿ ತೊಡೆ ಮೇಲಿನ ಮಗು ಅನ್ನುವುದೇ ಇಲ್ಲ. ಜೀವರಕ್ಷಕ ದೋಣಿಯಲ್ಲಿ ಎಷ್ಟು ಜನ ಹಿಡಿಯುತ್ತಾರೆ ಅನ್ನುವುದರ ಮೇಲೆ ಹಡಗಿನ ಲೆಕ್ಕ ನಿಂತಿದೆ, ಆ ಲೆಕ್ಕದಲ್ಲಿ ನಿಮ್ಮ ಮಗಳೂ ಒಂದು ಪೂರ್ತಿ ಜೀವ. ಅದಕ್ಕೇ ಮೂವರ ಕೋಣೆಯಲ್ಲಿ ನಾಲ್ಕನೆಯದಾಗಿ ಕೂಸನ್ನು ಸೇರಿಸಲು ಬಿಡುವುದಿಲ್ಲ. ಆದರೆ ಒಂದೇ ಕೋಣೆಯ ಮೂರನೇ, ನಾಲ್ಕನೇ ಜನಕ್ಕೆ ದರ ಕಮ್ಮಿ ಇರುವುದುಂಟು, ಕೆಲವು ಸಲ ಮಕ್ಕಳಿಗೆ ಬರೀ ಬಂದರು ಶುಲ್ಕ, ತೆರಿಗೆ ಮಾತ್ರ ಹಿಡಿಯುತ್ತಾರೆ. ಬಿಲ್ ಬಿಡಿಸಿ ಕೊಡಲು ಏಜೆಂಟನಿಗೆ ಹೇಳಿ.

ಅದಕ್ಕಿಂತ ಮುಖ್ಯ, ವಯಸ್ಸಿನ ನಿಯಮ ನೋಡಿದ್ದೀರಾ? ಎಷ್ಟೋ ಕಂಪನಿಗಳಲ್ಲಿ ಹೊರಡುವ ದಿನಕ್ಕೆ ಮಗುವಿಗೆ 6 ತಿಂಗಳು ತುಂಬಿರಬೇಕು. ನಡುವೆ ದಿನಗಟ್ಟಲೆ ಬಂದರೇ ಸಿಗದ ದೂರದ ಪ್ರಯಾಣ ಆದರೆ 12 ತಿಂಗಳು. ಒಂದು ವಾರ ಕಮ್ಮಿ ಇದ್ದರೂ ಹತ್ತಿಸಿಕೊಳ್ಳಲ್ಲ.

ಪ್ರಶ್ನೆ: ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗಿನಲ್ಲಿ ಹೋಗಬೇಕೆಂದಿದ್ದೇವೆ. ಮಗಳಿಗೆ 14 ತಿಂಗಳು. ದ್ವೀಪಕ್ಕೆ ಸಣ್ಣ ದೋಣಿಯಲ್ಲಿ ಇಳಿಸುತ್ತಾರಂತೆ, ಹೌದಾ? ಮಗುವಿಗೆ ತಲೆಸುತ್ತು, ವಾಂತಿ ಆಗಲ್ವಾ? ಅಜ್ಜಿಗೆ ಇದೇ ಚಿಂತೆ.
– ಉಡುಪಿ ಜಿಲ್ಲೆಯ ಓದುಗರು

ಅಜ್ಜಿಗೆ ಸಮಾಧಾನ ಹೇಳಿ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ತಲೆಸುತ್ತು ಬರುವುದು ಅಪರೂಪ. ಜಾಸ್ತಿ ಕಾಡುವುದು 2ರಿಂದ 12 ವರ್ಷದ ಮಕ್ಕಳಿಗೆ, ಆಮೇಲೆ ಅಮ್ಮಂದಿರಿಗೆ. ನೀವೇ ವಾಂತಿ ಮಾಡಿಕೊಂಡು ಮಲಗಿದರೆ ಮಗುವನ್ನು ಯಾರು ನೋಡುತ್ತಾರೆ ಅನ್ನುವುದು ಸರಿಯಾದ ಚಿಂತೆ. ಕೋಣೆಯನ್ನು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕೇಳಿ. ಜೋಕಾಲಿಯ ಹಾಗೆ, ತುದಿಗಳಲ್ಲಿ ತೂಗು ಜಾಸ್ತಿ. ನಿಮ್ಮ ಮಾತ್ರೆಯನ್ನು ಅರ್ಧ ಮುರಿದು ಮಗುವಿಗೆ ಕೊಡುವ ಕೆಲಸ ಮಾತ್ರ ಮಾಡಬೇಡಿ. ನಮ್ಮಲ್ಲಿ ಬಸ್ಸು ಹತ್ತುವ ಮೊದಲು ನುಂಗುವ ಮಾತ್ರೆಗಳಲ್ಲಿ ಪ್ರೊಮೆಥಜೀನ್ ಇರುವುದುಂಟು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಅದು ಉಸಿರಾಟವನ್ನೇ ಕುಗ್ಗಿಸಬಹುದು.

ಒಂದು ಪರೀಕ್ಷೆ ಹೇಳುತ್ತೇನೆ. ಹೇಗೂ ಉಡುಪಿಯಿಂದ ಮುಂಬೈಗೆ ಹೋಗಬೇಕಲ್ಲ, ವಿಮಾನ ಬಿಟ್ಟು ಮತ್ಸ್ಯಗಂಧದಲ್ಲಿ ಹೋಗಿ. ರೈಲಿನ ಬರ್ತಿನಲ್ಲಿ ಕುಲುಕಾಟದ ಮಧ್ಯೆ ಮಗಳು ಮಲಗಿದಳಾ? ಹಡಗು ಅದಕ್ಕಿಂತ ಎಷ್ಟೋ ಮೆತ್ತಗೆ ತೂಗುತ್ತದೆ. ಆದರೆ ತಿಂಗಳು ನೋಡಿ. ಜೂನ್–ಜುಲೈನಲ್ಲಿ ನಮ್ಮ ಮೀನುಗಾರರೇ ದೋಣಿ ಮೇಲೆಳೆದು ಕೂತಿರುತ್ತಾರೆ, ಆಗ ಕೂಸು ಕಟ್ಟಿಕೊಂಡು ಅರಬ್ಬೀ ಸಮುದ್ರಕ್ಕೆ ಇಳಿಯುವ ಹುಚ್ಚು ನಿಮಗೆ ಬೇಡ. ಡಿಸೆಂಬರ್, ಜನವರಿ, ಫೆಬ್ರವರಿ ಚೆನ್ನ.

ಸಣ್ಣ ದೋಣಿಯ ಮಾತು ನಿಜ. ಅಲ್ಲಿ ದ್ವೀಪದ ಸುತ್ತ ಹವಳದ ದಿಬ್ಬ, ಒಳಗೆ ತೆಳು ನೀರಿನ ಲಗೂನು. ದೊಡ್ಡ ಹಡಗು ಹೊರಗೆ ಸಮುದ್ರದಲ್ಲೇ ನಿಲ್ಲುತ್ತದೆ, ಜನ ದೋಣಿಗೆ ಇಳಿದು ಹೋಗಬೇಕು. ದೋಣಿ ಒಂದು ಕ್ಷಣ ಹಡಗಿನ ಬಾಗಿಲ ಸಮಕ್ಕೆ ಬರುತ್ತದೆ, ಮರುಕ್ಷಣ ಒಂದಾಳು ಕೆಳಗಿರುತ್ತದೆ. ಮಗುವನ್ನು ಎತ್ತಿಕೊಂಡು ನೀವೇ ಹಾರಲು ಹೋಗಬೇಡಿ. ಸಿಬ್ಬಂದಿಯ ಕೈಗೆ ಕೊಡಿ, ಅವರು ಅಲೆ ನೋಡಿ ಕೈಯಿಂದ ಕೈಗೆ ದಾಟಿಸುತ್ತಾರೆ, ಆಮೇಲೆ ನೀವು ಇಳಿಯಿರಿ. ಮಗುವಿಗೆ ಅವಳ ಅಳತೆಯದೇ ಲೈಫ್ ಜಾಕೆಟ್ ಇರಬೇಕು. ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ ಮಗುವನ್ನು ಬಿಗಿದು ಮೇಲೆ ನಿಮ್ಮ ಜಾಕೆಟ್ ಹಾಕುವುದು ತಪ್ಪು. ನೀರಿಗೆ ಬಿದ್ದರೆ ಅದೇ ಇಬ್ಬರಿಗೂ ಉರುಳು.

ನನ್ನನ್ನು ಕೇಳಿದರೆ? ನೀರು ಶಾಂತವಾಗಿದ್ದರೆ ಇಳಿಯಿರಿ. ಬೆಳಗಿನ ಮೊದಲ ದೋಣಿಯಲ್ಲೇ ಹೋಗಿ, ಬಿಸಿಲೇರುವ ಮೊದಲು ವಾಪಸ್ ಬನ್ನಿ. ಹವಳದ ಚೂರು ಕಾಲಿಗೆ ಕುಯ್ಯುತ್ತದೆ, ಮಗುವಿಗೆ ಚಪ್ಪಲಿಯಲ್ಲ, ಬೂಟೇ ಹಾಕಿ. ಅಲೆ ಜಾಸ್ತಿಯಾಗಿ ದೋಣಿ ರದ್ದಾಗುವುದೂ ಉಂಟು. ಹಾಗಾದರೆ ಜಗಳ ಆಡಬೇಡಿ, ಕ್ಯಾಪ್ಟನ್ ನಿಮ್ಮ ಮಗಳ ಪರವಾಗಿಯೇ ತೀರ್ಮಾನ ಮಾಡಿದ್ದಾನೆ.

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಹಾಸನದಿಂದ ಅಪ್ಪ–ಅಮ್ಮ ಬಂದಿದ್ದಾರೆ. ಫ್ಲಾರಿಡಾದಿಂದ ಬಹಾಮಾಸ್ ಕ್ರೂಸ್‌ಗೆ ಹೋಗೋಣ ಅಂತಿದ್ದೇವೆ. ಮಗನಿಗೆ ಎರಡೂವರೆ ವರ್ಷ, ಇನ್ನೂ ಡಯಾಪರ್. ಈಜುಕೊಳಕ್ಕೆ ಬಿಡಲ್ಲ ಅಂತಾರಲ್ಲ, ಈಜು ಡಯಾಪರ್ ಹಾಕಿದರೂ?
– ಓದುಗರು, ನ್ಯೂಜೆರ್ಸಿ

ಹಾಕಿದರೂ ಬಿಡಲ್ಲ. ಇದು ಹಡಗಿನವರ ಜಬರ್ದಸ್ತಿ ಅಲ್ಲ, ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯ ನಿಯಮ. ಈಜು ಡಯಾಪರ್ ಗಟ್ಟಿಯಾದದ್ದನ್ನು ತಡೆಯುತ್ತದೆ, ತೆಳ್ಳಗಿನದ್ದನ್ನು ತಡೆಯಲ್ಲ. ಒಂದು ಮಗುವಿನ ಭೇದಿ ಕೊಳಕ್ಕೆ ಸೇರಿದರೆ ಮುಂದಿನದ್ದು ನೀವೇ ಊಹಿಸಿ. ಕೆಲವು ಹಡಗುಗಳಲ್ಲಿ ಡಯಾಪರ್ ಮಕ್ಕಳಿಗೇ ಅಂತ ನೀರು ಚಿಮ್ಮುವ ಪುಟ್ಟ ಜಾಗ ಬೇರೆ ಮಾಡಿರುತ್ತಾರೆ. ಮಗನಿಗೆ ನೀರು ಇಷ್ಟ ಅಂದರೆ ಬುಕ್ ಮಾಡುವ ಮೊದಲು ನೋಡಬೇಕಾದ್ದು ಇದೊಂದೇ. ಹೊಸ ಹಡಗು, ದೊಡ್ಡ ಹಡಗು ಅನ್ನುವುದೆಲ್ಲ ಆಮೇಲೆ.

ಮಕ್ಕಳ ಕ್ಲಬ್ಬೂ ಹೀಗೇ. ಹೆಚ್ಚಿನ ಕಡೆ 3 ವರ್ಷ ತುಂಬಿರಬೇಕು, ಡಯಾಪರ್ ಬಿಟ್ಟಿರಬೇಕು. ಅದಕ್ಕಿಂತ ಚಿಕ್ಕವರಿಗೆ ಡಿಸ್ನಿ ಮತ್ತು ರಾಯಲ್ ಕೆರಿಬಿಯನ್ ಕಂಪನಿಗಳ ಹೆಚ್ಚಿನ ಹಡಗುಗಳಲ್ಲಿ 6 ತಿಂಗಳಿಂದ 3 ವರ್ಷದವರೆಗಿನ ನರ್ಸರಿ ಇರುತ್ತದೆ, ಗಂಟೆ ಲೆಕ್ಕದಲ್ಲಿ ದುಡ್ಡು. ಜಾಗ ಬೇಗ ತುಂಬಿಬಿಡುತ್ತದೆ. ಹೋಗುವುದು ಇನ್ನು ಒಂದು ತಿಂಗಳಿದೆ ಅಂತ ಈಗ ಗಡಿಬಿಡಿಯಲ್ಲಿ ಡಯಾಪರ್ ಬಿಡಿಸಲು ಹೋಗಬೇಡಿ ದಯವಿಟ್ಟು. ಹೊಸ ಜಾಗಕ್ಕೆ ಹೋದ ತಕ್ಷಣ ಕಲಿತದ್ದೆಲ್ಲ ಮರೆಯುತ್ತಾನೆ, ಕಾರ್ಪೆಟ್ ಬೇರೆ ಅವರದ್ದು.

ಅಪ್ಪ–ಅಮ್ಮನ ಅಮೆರಿಕ ವೀಸಾದಲ್ಲಿ ಮತ್ತೆ ಒಳಗೆ ಬರಲು ಅವಕಾಶ ಇದೆಯಾ, ಬಹಾಮಾಸ್‌ನವರು ಭಾರತೀಯ ಪಾಸ್‌ಪೋರ್ಟಿಗೆ ಏನು ಕೇಳುತ್ತಾರೆ, ಎರಡನ್ನೂ ದುಡ್ಡು ಕಟ್ಟುವ ಮೊದಲು ಖಾತ್ರಿ ಮಾಡಿಕೊಳ್ಳಿ. ಮಗ ಅಲ್ಲೇ ಹುಟ್ಟಿದವನಾದರೆ, ಹೊರಟ ಬಂದರಿಗೇ ವಾಪಸ್ ಬರುವ ಪ್ರವಾಸಕ್ಕೆ ಜನನ ಪ್ರಮಾಣಪತ್ರ ಸಾಕು ಅನ್ನುತ್ತಾರೆ, ಅದು ಸರಿ ಕೂಡ. ಆದರೂ ಪಾಸ್‌ಪೋರ್ಟ್ ಮಾಡಿಸಿ. ನಡುವೆ ಯಾರಿಗಾದರೂ ಹುಷಾರಿಲ್ಲದೆ ಬಹಾಮಾಸ್‌ನ ನಸ್ಸಾವ್‌ನಲ್ಲಿ ಇಳಿದು ವಿಮಾನ ಹತ್ತಬೇಕಾದರೆ ಪ್ರಮಾಣಪತ್ರ ಕೆಲಸಕ್ಕೆ ಬರಲ್ಲ.

ಪ್ರಶ್ನೆ: ಮೊಮ್ಮಗುವನ್ನು ಹಡಗಿಗೆ ಕರೆದುಕೊಂಡು ಹೋಗುತ್ತಿದ್ದಾರೆ, ನಾನೂ ಹೋಗುತ್ತಿದ್ದೇನೆ. ಸಮುದ್ರದ ಗಾಳಿಗೆ ಮಗುವಿಗೆ ಶೀತ, ಜ್ವರ ಬಂದರೆ ನಡುನೀರಿನಲ್ಲಿ ಏನು ಗತಿ?
– ಒಬ್ಬ ಅಜ್ಜಿ, ಶಿವಮೊಗ್ಗ

ಅಮ್ಮಾ, ಸಮುದ್ರದ ಗಾಳಿ ಪಾಪ ಏನೂ ಮಾಡಲ್ಲ. ಚಳಿ ಇರುವುದು ಒಳಗೆ. ಊಟದ ಹಾಲ್, ನಾಟಕದ ಹಾಲ್, ಕಾರಿಡಾರು, ಎಲ್ಲ ಕಡೆ ಎ.ಸಿ. ಆಗುಂಬೆಯ ಮಳೆಗಾಲದ ಹಾಗೆ ಕೊರೆಯುತ್ತದೆ. ನೀವು ಹೆಣೆದಿಟ್ಟ ಕುಲಾವಿ, ಕಾಲುಚೀಲ, ಒಂದು ಸ್ವೆಟರ್ ಖಂಡಿತ ತಗೊಳ್ಳಿ. ಕೋಣೆಯ ಎ.ಸಿ. ಮಾತ್ರ ನಮ್ಮ ಕೈಯಲ್ಲಿರುತ್ತದೆ.

ಹಡಗಿನಲ್ಲಿ ಡಾಕ್ಟರು, ನರ್ಸು ಇರುತ್ತಾರೆ. ಮಕ್ಕಳ ಡಾಕ್ಟರೇ ಇರಲಿಕ್ಕಿಲ್ಲ, ಬಿಲ್ಲೂ ಜೋರು. ಮನೆಯ ಆರೋಗ್ಯ ವಿಮೆ ಅಲ್ಲಿ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ಮಗುವಿನ ಹೆಸರೂ ಸೇರಿ ಪ್ರವಾಸ ವಿಮೆ ಬೇರೆ ಮಾಡಿಸಲು ಮಗನಿಗೆ ಹೇಳಿ, ಹಡಗಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಅದರಲ್ಲಿ ಇರಬೇಕು. ಜ್ವರದ ಸಿರಪ್ ಮಗು ಮನೆಯಲ್ಲಿ ಕುಡಿಯುವ ಅದೇ ಬಾಟಲಿಯೇ ಇರಲಿ. ಪ್ಯಾರಾಸಿಟಮಾಲ್ ಸಿರಪ್ಪು 5 ಎಂ.ಎಲ್.ಗೆ 120 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಗಡಿಬಿಡಿಯಲ್ಲಿ ಬೇರೆಯವರದ್ದು ಇಸಕೊಂಡು ಅದೇ ಅಳತೆ ಹಾಕಿದರೆ ಎರಡರಷ್ಟಾಗುತ್ತದೆ. ಓ.ಆರ್.ಎಸ್. ನಾಲ್ಕು ಪ್ಯಾಕೆಟ್, ಥರ್ಮಾಮೀಟರ್, ಡಾಕ್ಟರ ಚೀಟಿ.

ಹಡಗಿನಲ್ಲಿ ಹೆದರಬೇಕಾದ್ದು ಹೊಟ್ಟೆಯ ಕಾಯಿಲೆಗೆ. ನೊರೊವೈರಸ್ ಅಂತ ಒಂದಿದೆ, ವಾಂತಿ–ಭೇದಿ, ಒಬ್ಬರಿಂದ ಒಬ್ಬರಿಗೆ ದಡದಡ ಹರಡುತ್ತದೆ. ಬಾಗಿಲಲ್ಲಿ ಕೈಗೆ ಹಾಕುವ ಸ್ಯಾನಿಟೈಸರ್‌ಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಸೋಪು, ನೀರು, ಚೆನ್ನಾಗಿ ತಿಕ್ಕಿ ತೊಳೆಯುವುದು. ಊಟಕ್ಕೆ ಮೊದಲು ಕೈಕಾಲು ತೊಳಿ ಅಂತ ನೀವು ಮನೆಯಲ್ಲಿ ದಿನಾ ಕೂಗುತ್ತೀರಲ್ಲ, ಅಲ್ಲೂ ಹಾಗೇ ಕೂಗಿ. ಲಿಫ್ಟಿನ ಗುಂಡಿ ಒತ್ತಿದ ಮೇಲಂತೂ ಬಿಡಲೇಬೇಡಿ.

ಇನ್ನೊಂದು ಕೆಲಸ ನಿಮಗೇ ಒಪ್ಪಿಸುತ್ತೇನೆ, ಮಕ್ಕಳು ಮರೆಯುತ್ತಾರೆ. ಹಡಗು ಹೊರಡುವ ಮೊದಲು ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ಎಲ್ಲರಿಗೂ ತೋರಿಸುತ್ತಾರೆ, ಯಾರೂ ತಪ್ಪಿಸುವಂತಿಲ್ಲ. ಕೋಣೆಯ ಕಪಾಟಿನಲ್ಲಿರುವ ಲೈಫ್ ಜಾಕೆಟ್‌ಗಳು ದೊಡ್ಡವರದ್ದು. ಕೂಸಿನ ಅಳತೆಯದನ್ನು ನಾವೇ ಕೇಳಿ ತರಿಸಿಕೊಳ್ಳಬೇಕು. ಮೊದಲ ದಿನವೇ ಕೋಣೆ ನೋಡಿಕೊಳ್ಳುವ ಹುಡುಗನನ್ನು ಕರೆದು ಕೇಳಿ. ಬಂದ ಮೇಲೆ ಒಂದು ಸಲ ಮಗುವಿಗೆ ಹಾಕಿ ನೋಡಿ, ಅಳುತ್ತದೆ, ಅಳಲಿ.